ಅಬ್ಸಿಸಿಕ್ ಆಮ್ಲ ಮತ್ತು ಸಸ್ಯಜೀನುಗಳ ನಿಯಂತ್ರಣ: ಇತಿಹಾಸ

ಅಬ್ಸಿಸಿಕ್ ಆಮ್ಲ (ಎಬಿಎ) ನೀರಿನ ಕೊರತೆ, ಚಳಿ, ಸವುಳು ನೆಲ ಮೊದಲಾದ ಒತ್ತಡಗಳು ಎದುರಾದಾಗ ಸಸ್ಯಗಳಲ್ಲಿ ಹೆಚ್ಚುವ ಹಾರ್ಮೋನು. ಪತ್ರರಂಧ್ರಗಳನ್ನು ಮುಚ್ಚಿಸಿ ನೀರು ಉಳಿಸುವುದು ಇದರ ತಕ್ಷಣದ ಕೆಲಸ. ಅದಕ್ಕಿಂತ ಆಳವಾದದ್ದು ನೂರಾರು ಜೀನುಗಳನ್ನು ಚುರುಕುಗೊಳಿಸುವ, ಕೆಲವನ್ನು ತಡೆಹಿಡಿಯುವ ಕೆಲಸ. ತೆಲಂಗಾಣದ ಗುಂಡುಮಾಲ್, ಮಕ್ತಲ್, ಗದ್ವಾಲ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ, ಶೇಂಗಾ, ಹತ್ತಿ, ಜೋಳಗಳು ಮಳೆ ಕೈಕೊಟ್ಟ ದಿನಗಳನ್ನು ತಾಳಿಕೊಳ್ಳುವುದರಲ್ಲಿ ಈ ಹಾರ್ಮೋನಿನ ಪಾಲು ದೊಡ್ಡದು.

ಇದು ಮೊದಲು ಸಿಕ್ಕಿದ್ದು ಹತ್ತಿಯಲ್ಲೇ. ಎಳೆಯ ಹತ್ತಿಕಾಯಿ ಏಕೆ ಉದುರುತ್ತದೆಂದು ಹುಡುಕುತ್ತಿದ್ದ ಫ್ರೆಡೆರಿಕ್ ಆಡಿಕಾಟ್ ಅವರ ತಂಡ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇದನ್ನು ಬೇರ್ಪಡಿಸಿದ್ದನ್ನು 1963ರಲ್ಲಿ ವರದಿಮಾಡಿತು. ಮೊಗ್ಗಿನ ಸುಪ್ತಾವಸ್ಥೆಯ ಬೆನ್ನುಹತ್ತಿದ್ದ ಬ್ರಿಟನ್ನಿನ ಫಿಲಿಪ್ ವೇರಿಂಗ್ ಅವರಿಗೆ ಸಿಕ್ಕ ವಸ್ತುವೂ ಇದೇ ಎಂದು 1965ರಲ್ಲಿ ಖಚಿತವಾಯಿತು. ಕಾಯಿ ಉದುರುವುದರಲ್ಲಿ ಮತ್ತೊಂದು ಹಾರ್ಮೋನಾದ ಎಥಿಲೀನ್‌ನ ಪಾತ್ರವೇ ದೊಡ್ಡದೆಂದು ಆಮೇಲೆ ತಿಳಿಯಿತು. ಎಬಿಎಯ ನಿಜವಾದ ಹಿರಿಮೆ ಕಂಡದ್ದು 1969ರಲ್ಲಿ: ಬಾಡುತ್ತಿರುವ ಗೋಧಿ ಎಲೆಗಳಲ್ಲಿ ಅದು ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಏರುತ್ತದೆಂದು ರೈಟ್ ಮತ್ತು ಹಿರಾನ್ ತೋರಿಸಿದರು.

ಹಾರ್ಮೋನಿನ ಮಾತು ಜೀನಿಗೆ ಮುಟ್ಟುವ ದಾರಿ ತಿಳಿಯಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1984ರಲ್ಲಿ ಮಾರ್ಟನ್ ಕೂರ್ನೀಫ್ ಮತ್ತು ಸಂಗಡಿಗರು ಎಬಿಎಗೆ ಸರಿಯಾಗಿ ಸ್ಪಂದಿಸದ ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಗಿಡಗಳನ್ನು ವರದಿ ಮಾಡಿದರು. 1989ರ ಸುಮಾರಿಗೆ ರಾಲ್ಫ್ ಕ್ವಾಟ್ರಾನೊ ತಂಡ ಗೋಧಿಯ ಒಂದು ಜೀನಿನ ಮುಂದೆ, ಎಬಿಎಗೆ ಸ್ಪಂದಿಸುವ ಪುಟ್ಟ ಡಿಎನ್‌ಎ ತುಣುಕನ್ನು ಗುರುತಿಸಿತು. 2009ರಲ್ಲಿ ಷಾನ್ ಕಟ್ಲರ್ ಮತ್ತು ಎರ್ವಿನ್ ಗ್ರಿಲ್ ಅವರ ತಂಡಗಳು ಪ್ರತ್ಯೇಕವಾಗಿ, ಎಬಿಎ ಅಂಟಿಕೊಳ್ಳುವ ಗ್ರಾಹಕ ಪ್ರೋಟೀನನ್ನು ಕಂಡುಹಿಡಿದಾಗ ಸರಪಳಿ ಕೂಡಿತು. ಸಾಮಾನ್ಯ ದಿನಗಳಲ್ಲಿ ಪಿಪಿ2ಸಿ ಎಂಬ ಕಿಣ್ವಗಳು ಎಸ್‌ಎನ್‌ಆರ್‌ಕೆ2 ಕಿಣ್ವಗಳನ್ನು ಅದುಮಿಟ್ಟಿರುತ್ತವೆ. ಎಬಿಎ ಬಂದು ಗ್ರಾಹಕಕ್ಕೆ ಅಂಟಿದೊಡನೆ ಆ ಗ್ರಾಹಕ ಪಿಪಿ2ಸಿಯನ್ನು ಹಿಡಿದು ನಿಲ್ಲಿಸುತ್ತದೆ. ಬಿಡುಗಡೆಗೊಂಡ ಎಸ್‌ಎನ್‌ಆರ್‌ಕೆ2, ಜೀನು ನಿಯಂತ್ರಕ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸಿ ಅವನ್ನು ಕೆಲಸಕ್ಕೆ ಹಚ್ಚುತ್ತದೆ. ಅವು ಡಿಎನ್‌ಎ ತುಣುಕಿನ ಮೇಲೆ ಕುಳಿತು, ಒಣಗುವ ಕೋಶವನ್ನು ಕಾಯುವ ಪ್ರೋಟೀನುಗಳ ತಯಾರಿಕೆ ಆರಂಭಿಸುತ್ತವೆ.

ಎಬಿಎಯನ್ನು ಅವಲಂಬಿಸದ ಇನ್ನೊಂದು ದಾರಿಯೂ ಇದೆ. ಜಪಾನಿನ ಶಿನೊಜಾಕಿ ದಂಪತಿಗಳ ತಂಡ 1998ರಲ್ಲಿ ವಿವರಿಸಿದ ಡಿಆರ್‌ಇಬಿ ಪ್ರೋಟೀನುಗಳು ಆ ದಾರಿಯವು. ಅವುಗಳಲ್ಲೊಂದನ್ನು ತಯಾರಿಸುವ ಡಿಆರ್‌ಇಬಿ1ಎ ಜೀನನ್ನು ಸದಾ ತೆರೆದಿಟ್ಟರೆ ಗಿಡ ಕುಬ್ಜವಾಗುತ್ತದೆ, ಒತ್ತಡ ಬಂದಾಗ ಮಾತ್ರ ತೆರೆದರೆ ಬೆಳವಣಿಗೆ ಅಷ್ಟು ಕುಂದುವುದಿಲ್ಲ ಎಂದು 1999ರಲ್ಲಿ ಅದೇ ತಂಡ ತೋರಿಸಿತು. ಬೇಸಾಯದ ದೃಷ್ಟಿಯಿಂದ ಇಡೀ ಇತಿಹಾಸದಲ್ಲಿ ಇದೇ ಹೆಚ್ಚು ಬೆಲೆಯುಳ್ಳ ಪಾಠ.

ಈ ಪಾಠ ನಮ್ಮ ಕಡೆಗೆ ಬಂದದ್ದು ಶೇಂಗಾದ ಮೂಲಕ. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದೇ ಜೀನನ್ನು, ಒತ್ತಡಕ್ಕೆ ಮಾತ್ರ ತೆರೆಯುವ ನಿಯಂತ್ರಕದೊಡನೆ, ಶೇಂಗಾಕ್ಕೆ ಸೇರಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ನೀರು ಕಡಿಮೆಯಾದಾಗ ಕೆಲವು ತಳಿಸಾಲುಗಳು ಆವಿಯಾದ ಪ್ರತಿ ಲೀಟರು ನೀರಿಗೆ ಹೆಚ್ಚು ಒಣತೂಕ ಕೊಟ್ಟವು. ನಿಧಾನವಾಗಿ ಒಣಗುವ ಶೇಂಗಾದಲ್ಲಿ ಎಚ್ಚೆತ್ತುಕೊಳ್ಳುವ ಜೀನುಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಗುರುತಿಸಿದರು. ಹೊಲದ ಬರವೂ ಹಾಗೆ ದಿನದಿಂದ ದಿನಕ್ಕೆ ಏರುವಂಥದ್ದು; ಆದ್ದರಿಂದ ಎಲೆ ಕಿತ್ತು ಒಣಗಿಸುವ ಪ್ರಯೋಗಗಳಿಗಿಂತ ಈ ಕೆಲಸ ರೈತನಿಗೆ ಹತ್ತಿರ. ಆದರೆ ಹೀಗೆ ಬೇರೆ ಜೀನು ಸೇರಿಸಿದ ಕುಲಾಂತರಿ ಶೇಂಗಾ ಭಾರತದಲ್ಲಿ ಈವರೆಗೆ ಸಾಗುವಳಿಗೆ ಬಂದಿಲ್ಲ.