ಅಪ್ಪ-ಅಮ್ಮನ ದೇಶಕ್ಕಾಗಿ ಆಡಿದವರು

ಪಿ.ಟಿ. ಉಷಾ ಅವರನ್ನು ಎರಡು ಏಷ್ಯನ್ ಗೇಮ್ಸ್‌ಗಳ 100 ಮೀಟರ್ ಓಟದಲ್ಲಿ ಹಿಂದೆ ಹಾಕಿದಾಕೆ ಯಾರು, ನೆನಪಿದೆಯೇ? ಫಿಲಿಪ್ಪೀನ್ಸ್‌ನ ಲಿಡಿಯಾ ಡಿ ವೆಗಾ. 1982ರಲ್ಲಿ ದೆಹಲಿಯಲ್ಲಿ, 1986ರಲ್ಲಿ ಸೋಲ್‌ನಲ್ಲಿ ಚಿನ್ನ ಆಕೆಯದು, ಬೆಳ್ಳಿ ಉಷಾ ಅವರದು. 1987ರಲ್ಲಿ ಡಿ ವೆಗಾ 11.28 ಸೆಕೆಂಡಿನಲ್ಲಿ ಓಡಿ ಮಾಡಿದ ರಾಷ್ಟ್ರೀಯ ದಾಖಲೆ 33 ವರ್ಷ ಅಲ್ಲಾಡಲಿಲ್ಲ. 2020ರಲ್ಲಿ 11.27 ಸೆಕೆಂಡಿನಲ್ಲಿ ಓಡಿ ಅದನ್ನು ಮುರಿದದ್ದು ಮನಿಲಾದ ಹುಡುಗಿಯಲ್ಲ, ಅಮೆರಿಕದ ಫ್ಲಾರಿಡಾದಲ್ಲಿ ಬೆಳೆದ ಕ್ರಿಸ್ಟಿನಾ ನಾಟ್. ಆಕೆಯ ತಾಯಿಯ ಕಡೆಯ ನಾಡು ಫಿಲಿಪ್ಪೀನ್ಸ್. 2019ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ 200 ಮೀಟರ್ ಚಿನ್ನ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಅದೇ ದೇಶದ ಅಂಗಿ ತೊಟ್ಟು ಓಡಿದಳು.

ಹೀಗೆ ಹೊರದೇಶದಲ್ಲಿ ಬೆಳೆದು ಅಪ್ಪ-ಅಮ್ಮನ ದೇಶಕ್ಕಾಗಿ ಓಡಿದ ಕನ್ನಡದ ಮನೆಯ ಮಗಳೋ ಮಗನೋ ಇದ್ದಾರೆಯೇ ಎಂದು ಹುಡುಕಿದರೆ ಓಟದಲ್ಲಿ ಸಿಗುವುದಿಲ್ಲ, ಎಸೆತದಲ್ಲಿ ಒಬ್ಬರು ಸಿಗುತ್ತಾರೆ. ಡಿಸ್ಕಸ್ ಎಸೆಯುತ್ತಿದ್ದ ವಿಕಾಸ್ ಗೌಡ.

ವಿಕಾಸ್ ಹುಟ್ಟಿದ್ದು 1983ರಲ್ಲಿ, ಮೈಸೂರಿನಲ್ಲಿ. ತಂದೆ ಶಿವೇಗೌಡರು ಸ್ವತಃ ಅಥ್ಲೀಟ್, ಆಮೇಲೆ ಕೋಚ್. ಮಗನಿಗೆ ಆರು ವರ್ಷವಾದಾಗ ಕುಟುಂಬ ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡ್ ರಾಜ್ಯದಲ್ಲಿ ನೆಲೆಸಿತು. ಹುಡುಗ ಆರಡಿ ಒಂಬತ್ತು ಅಂಗುಲ ಬೆಳೆದ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತ 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದರು. ಅಲ್ಲಿನ ಕಾಲೇಜು ಕ್ರೀಡೆ ನಮ್ಮ ಅಂತರ ಕಾಲೇಜು ಕೂಟದ ಹಾಗಲ್ಲ. ಒಲಿಂಪಿಕ್ಸ್‌ಗೆ ಹೋಗುವವರು, ಹೋಗಿ ಬಂದವರು ಒಂದೇ ವೃತ್ತದಲ್ಲಿ ನಿಂತು ಎಸೆಯುತ್ತಾರೆ. ವಿಕಾಸ್ ಆ ಪ್ರಶಸ್ತಿ ಗೆಲ್ಲುವ ಎರಡು ವರ್ಷ ಮೊದಲೇ, 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಎಸೆದಾಗಿತ್ತು.

ಅಲ್ಲಿಂದ ಸತತ ನಾಲ್ಕು ಒಲಿಂಪಿಕ್ಸ್. ಹೆಚ್ಚು ಬೆಲೆ ಕೊಡಬೇಕಾದ ವರ್ಷ 2012. ಆ ಏಪ್ರಿಲ್‌ನಲ್ಲಿ ಒಕ್ಲಹೋಮಾ ರಾಜ್ಯದ ನಾರ್ಮನ್ ಎಂಬ ಊರಿನಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಮಾಡಿದರು. ಆಗಸ್ಟ್‌ನಲ್ಲಿ ಲಂಡನ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ 65.20, ಫೈನಲ್‌ನಲ್ಲಿ 64.79, ಎಂಟನೇ ಸ್ಥಾನ. ಪತ್ರಿಕೆಗಳ ಮುಖಪುಟಕ್ಕೆ ಎಂಟನೇ ಸ್ಥಾನ ಸಾಲುವುದಿಲ್ಲ, ಗೊತ್ತು. ಆದರೆ ಎರಡು ಕಿಲೋ ತೂಕದ ತಟ್ಟೆಯನ್ನು ಎರಡೂವರೆ ಮೀಟರ್ ಅಗಲದ ವೃತ್ತದೊಳಗೆ ಒಂದೂವರೆ ಸುತ್ತು ಸುತ್ತಿ ಅಷ್ಟು ದೂರ ಕಳಿಸುವವರು ಜಗತ್ತಿನಲ್ಲಿ ಬೆರಳೆಣಿಕೆ. ಅದಕ್ಕೆ ಮುಂಚಿನ ವರ್ಷದ ಡೇಗು ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ, ಮರುವರ್ಷದ ಮಾಸ್ಕೊದಲ್ಲೂ ಅವರು ಏಳನೆಯವರು. ಪದಕಕ್ಕಿಂತ ಈ ಸ್ಥಿರತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಪದಕಗಳೂ ಬಂದವು. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2013ರಲ್ಲಿ ಪುಣೆಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದಾಗ, ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಭಾರತದ ಗಂಡಸೊಬ್ಬ ಚಿನ್ನ ಗೆದ್ದು 56 ವರ್ಷವಾಗಿತ್ತು. ಹಿಂದಿನದು 1958ರಲ್ಲಿ ಕಾರ್ಡಿಫ್‌ನಲ್ಲಿ ಮಿಲ್ಖಾ ಸಿಂಗ್ ಗೆದ್ದದ್ದು. ಮಿಲ್ಖಾ ಹುಟ್ಟಿದ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ವಿಭಜನೆಯ ಗಲಭೆಯಲ್ಲಿ ಹೆತ್ತವರನ್ನು ಕಳೆದುಕೊಂಡು ಓಡಿಬಂದ ಹುಡುಗ 1960ರಲ್ಲಿ ಲಾಹೋರಿಗೆ ಹೋಗಿ ಭಾರತದ ಪರ ಓಡಿದರು. ಹುಟ್ಟಿದ ಊರು ಒಂದು ಕಡೆ, ಎದೆಯ ಮೇಲಿನ ಹೆಸರು ಇನ್ನೊಂದು ಕಡೆ ಎಂಬುದು ನಮ್ಮ ಕ್ರೀಡಾ ಇತಿಹಾಸಕ್ಕೆ ಹೊಸದಲ್ಲ.

ಇನ್ನೂ ಹಿಂದೆ ಹೋಗಬಹುದು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ ಮತ್ತು 200 ಮೀಟರ್ ಹರ್ಡಲ್ಸ್‌ನಲ್ಲಿ ಬೆಳ್ಳಿ ಗೆದ್ದ ನಾರ್ಮನ್ ಪ್ರಿಚರ್ಡ್ ಕಲ್ಕತ್ತಾದಲ್ಲಿ ಹುಟ್ಟಿದವನು. ಹೆತ್ತವರು ಇಂಗ್ಲಿಷರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಪದಕಗಳನ್ನು ಭಾರತದ ಲೆಕ್ಕಕ್ಕೆ ಬರೆದಿದೆ. ಬ್ರಿಟನ್ನಿನ ಇತಿಹಾಸಕಾರರು ತಮ್ಮದೆನ್ನುತ್ತಾರೆ. (ವಿಕಾಸ್ ದಾಖಲೆ ಮಾಡಿದ ಊರಿಗೂ ಇವನ ಹೆಸರೇ ಇರುವುದು ಬರೀ ಕಾಕತಾಳೀಯ.) ಓಡಿದವನು ಯಾರ ಪರ ಓಡಿದೆನೆಂದು ತಿಳಿದಿದ್ದನೋ, ಅದನ್ನು ಅವನ ಬಾಯಿಂದ ಕೇಳಿದವರಿಲ್ಲ. ಆಮೇಲೆ ಹಾಲಿವುಡ್‌ಗೆ ಹೋಗಿ ಬೇರೆಯ ಹೆಸರಿನಲ್ಲಿ ಮೂಕಿ ಚಿತ್ರಗಳ ನಟನಾಗಿ ತೀರಿಕೊಂಡ.

ನಮ್ಮ ಕಡೆ ಹೋರಿ ಹಬ್ಬದಲ್ಲಿ ಈ ತಕರಾರು ಇಲ್ಲ. ದೀಪಾವಳಿ ಮುಗಿದ ಮೇಲೆ ಹಾವೇರಿ, ಬ್ಯಾಡಗಿ ಸೀಮೆಯ ಊರುಗಳಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಯನ್ನು ಯಾವ ಸಂತೆಯಿಂದ ತಂದರೆಂದು ಯಾರೂ ಕೇಳುವುದಿಲ್ಲ. ಹಿಂಡಿ, ಹುರುಳಿ ಹಾಕಿ ಸಾಕಿದವನ ಊರೇ ಅದರ ಊರು, ಅಖಾಡದಲ್ಲಿ ಕೂಗುವುದೂ ಅದೇ ಹೆಸರು. ಹೋರಿಯ ಲೆಕ್ಕ ಹಿಡಿದರೆ ವಿಕಾಸ್ ಅಮೆರಿಕದವರಾಗಬೇಕಿತ್ತು!

ಆದರೆ ಮನುಷ್ಯರಿಗೆ ಪಾಸ್‌ಪೋರ್ಟ್ ಇದೆ. ಕ್ರಿಸ್ಟಿನಾ ನಾಟ್‌ಗೆ ಎರಡು ದೇಶದ ಪೌರತ್ವ ಸಾಧ್ಯವಿತ್ತು. ನಮ್ಮಲ್ಲಿ ಅದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರನಾದವನು ಭಾರತದ ಪೌರನಲ್ಲ ಎಂದು ಸಂವಿಧಾನದ 9ನೇ ವಿಧಿಯೇ ಹೇಳುತ್ತದೆ. ಆದರೂ 2008ರವರೆಗೆ ಕ್ರೀಡೆಯಲ್ಲಿ ಸಡಿಲವಿತ್ತು. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಅವರ ಮಗ, ಅಮೆರಿಕದಲ್ಲಿ ಹುಟ್ಟಿದ ಪ್ರಕಾಶ್, ಭಾರತದ ಪರ ಡೇವಿಸ್ ಕಪ್ ಆಡಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಇಲಾಖೆ, ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶದ ಪರ ಆಡಬೇಕು ಎಂದು ತೀರ್ಮಾನಿಸಿತು. ಸಾಗರೋತ್ತರ ಪೌರರ ಕಾರ್ಡ್ ಹಿಡಿದ ಸ್ಕ್ವಾಷ್ ಆಟಗಾರನೊಬ್ಬ ದೆಹಲಿ ಹೈಕೋರ್ಟಿಗೆ ಹೋದರೂ 2010ರಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು. ಜಪಾನಿನಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಅರಾಟಾ ಇಜುಮಿ, ಅಪ್ಪ ಗುಜರಾತಿ, ಜಪಾನಿನ ಪೌರತ್ವವನ್ನೇ ಬಿಟ್ಟುಕೊಟ್ಟು 2013ರಲ್ಲಿ ಭಾರತದ ಪರ ಆಡಿದರು. ವಿಕಾಸ್ ಇಷ್ಟು ವರ್ಷ ಅಮೆರಿಕದಲ್ಲಿದ್ದೂ ಭಾರತದ ಪೌರರಾಗಿಯೇ ಉಳಿದರು. ಅದಕ್ಕೇ 2008ರ ಗೆರೆ ಅವರನ್ನು ಮುಟ್ಟಲಿಲ್ಲ. ಗ್ಲಾಸ್ಗೊದ ಚಿನ್ನ ನಮ್ಮದಾದದ್ದು ಆ ಪುಸ್ತಕದಿಂದ.

ನಿಯಮದ ಪರ ಒಂದು ವಾದವಿದೆ. ಹೊರಗಿನಿಂದ ಸಿದ್ಧವಾಗಿ ಬಂದವರಿಗೆ ಜಾಗ ಕೊಟ್ಟರೆ ಇಲ್ಲಿಯ ಮಕ್ಕಳು ಏನು ಮಾಡಬೇಕು? ರಾಣೇಬೆನ್ನೂರಿನ ಹುಡುಗಿಯೊಬ್ಬಳು ಡಿಸ್ಕಸ್ ಹಿಡಿದರೆ ಅವಳ ಜಾಗವನ್ನು ಕ್ಯಾಲಿಫೋರ್ನಿಯಾದವಳು ಕಿತ್ತುಕೊಂಡಂತೆ ಅಲ್ಲವೇ ಎಂಬ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಮೊದಲು ಆ ಹುಡುಗಿಗೆ ಏನಿದೆ ನೋಡಿ. ತಾಲೂಕಿನ ಎಷ್ಟು ಹೈಸ್ಕೂಲಿನ ಮೈದಾನದಲ್ಲಿ ಸಿಮೆಂಟಿನ ವೃತ್ತವಿದೆ, ಎಷ್ಟರಲ್ಲಿ ಬಲೆಯ ಪಂಜರವಿದೆ? ನಮ್ಮ ಹುಡುಗರು ಬೆಳಗಿನ ಜಾವ ಓಡುವುದು ಹೆಚ್ಚಾಗಿ ಪೊಲೀಸ್ ಭರ್ತಿಯ 1600 ಮೀಟರ್‌ಗಾಗಿ, ಸೇನೆಗಾಗಿ. ನೌಕರಿ ಸಿಕ್ಕ ದಿನ ಓಟ ನಿಲ್ಲುತ್ತದೆ. ಅವರ ತಪ್ಪೇನೂ ಇಲ್ಲ, ಓಟ ಅನ್ನ ಹಾಕುವ ದಾರಿ ಅವರಿಗೆ ಕಂಡಿರುವುದು ಅದೊಂದೇ. ವಿಕಾಸ್ ಅವರ ಜಾಗವನ್ನು ಕಿತ್ತುಕೊಂಡರೆಂದು ಹೇಳಲಾಗದು. ಇಲ್ಲಿ ಆ ಜಾಗವೇ ತಯಾರಾಗಿರಲಿಲ್ಲ. ಮೈಸೂರಿನಲ್ಲೇ ಉಳಿದಿದ್ದರೆ ಅವರೂ 66 ಮೀಟರ್ ಎಸೆಯುತ್ತಿದ್ದರೇ ಎಂಬ ಪ್ರಶ್ನೆಗೆ ಉತ್ತರಿಸಲು ನನಗೆ ಧೈರ್ಯ ಸಾಲದು.

ಕೊನೆಯ ವರ್ಷಗಳು ಸುಲಭವಿರಲಿಲ್ಲ. 2015ರಲ್ಲಿ ವುಹಾನ್‌ನಲ್ಲಿ ಮತ್ತೆ ಏಷ್ಯನ್ ಚಾಂಪಿಯನ್ ಆದರು, ಅದೇ ವರ್ಷ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂಬತ್ತನೆಯವರು. 2016ರ ರಿಯೊದಲ್ಲಿ 58.99 ಮೀಟರ್‌ಗೇ ನಿಂತರು. 2017ರಲ್ಲಿ ಪದ್ಮಶ್ರೀ ಬಂತು. 2018ರ ಮೇ ತಿಂಗಳಲ್ಲಿ, 34ನೇ ವಯಸ್ಸಿನಲ್ಲಿ, ಅವರು ನಿವೃತ್ತಿ ಘೋಷಿಸಿದರು.