ಜೋಳದ ದಂಟಿನ ಎಂಜಿನ್



ನಮ್ಮ ಶ್ರೀರಾಂಪುರಕ್ಕೆ ರೈಲು ಬಂದಿಲ್ಲ. ತಾಲ್ಲೂಕು ಕೇಂದ್ರವಾದ ಹೊಸದುರ್ಗಕ್ಕೂ ಬಂದಿಲ್ಲ. ಬೀರೂರು–ಚಿಕ್ಕಜಾಜೂರು ನಡುವೆ ಇರುವ ನಿಲ್ದಾಣದ ಹೆಸರು ‘ಹೊಸದುರ್ಗ ರೋಡ್’. ರೈಲ್ವೆಯವರು ಊರಿನ ಹೆಸರಿಗೆ ‘ರೋಡ್’ ಸೇರಿಸಿದರೆ, ಊರು ಅಲ್ಲಿಂದ ದೂರವಿದೆ, ರಸ್ತೆ ಹಿಡಿದು ಹೋಗಬೇಕು ಎಂದು ಅರ್ಥ. ಆದ್ದರಿಂದ ನಮ್ಮ ಮಕ್ಕಳಿಗೆ ರೈಲು ಎಂದರೆ ಅಪರೂಪಕ್ಕೊಮ್ಮೆ ಕಣ್ತುಂಬ ನೋಡಿ ಬಂದು ವರ್ಷವಿಡೀ ಹೇಳಿಕೊಳ್ಳುವ ವಸ್ತುವಾಗಿತ್ತು.

ಭಾರತದಲ್ಲಿ ಕಡಿಮೆ ಖರ್ಚಿನಲ್ಲಿ ಹಳಿ ಹಾಸಲೆಂದು 1870ರಲ್ಲಿ ವೈಸ್‌ರಾಯ್ ಲಾರ್ಡ್ ಮೇಯೋ ಕಾಲದಲ್ಲಿ ಮೀಟರ್‌ಗೇಜನ್ನು ಒಪ್ಪಿಕೊಳ್ಳಲಾಯಿತು. ಅಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರ. ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೂಲಕ ಹರಿಹರ ಮುಟ್ಟಿದ ನಮ್ಮ ಮಾರ್ಗವೂ ಅದೇ ಅಳತೆಯದು. ಅದು ಪೂರ್ಣಗೊಂಡದ್ದು 1889ರಲ್ಲಿ. ಮುಂದೆ ಒಂದು ಶತಮಾನ ಅದೇ ಹಳಿಗಳ ಮೇಲೆ ಹೊಗೆಬಂಡಿಗಳು ಓಡಾಡಿದವು.

ಈಗ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. 1986ರಲ್ಲಿ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಎಂಟನೆಯ ತರಗತಿಯ ಹುಡುಗನೊಬ್ಬ ಉಗಿಎಂಜಿನ್ ಮಾಡಿ ತಂದಿದ್ದ. ಚೌಕಟ್ಟು ಜೋಳದ ದಂಟಿನದು, ಬಾಯ್ಲರಿಗೆ ಖಾಲಿ ಪೌಡರ್ ಡಬ್ಬಿ, ದೊಡ್ಡ ಗಾಲಿಗಳಿಗೆ ಸೋಡಾ ಬಾಟಲಿಯ ಮುಚ್ಚಳ, ಚಿಕ್ಕ ಗಾಲಿಗಳಿಗೆ ಅಂಗಿಯ ಗುಂಡಿ. ಒಂದು ಪಕ್ಕಕ್ಕೆ ಮುಂದೆ ಎರಡು ಚಿಕ್ಕವು, ನಡುವೆ ಮೂರು ದೊಡ್ಡವು, ಹಿಂದೆ ಒಂದು ಚಿಕ್ಕದು. ನಾನು ಚಿಕ್ಕಜಾಜೂರಿನಲ್ಲಿ ಗೂಡ್ಸ್ ಎಂಜಿನ್ ನೋಡಿದ್ದವನು. “ದೊಡ್ಡ ಗಾಲಿ ನಾಲ್ಕಿರಬೇಕು ಕಣೋ, ತಪ್ಪು ಮಾಡಿದ್ದೀಯ” ಎಂದೆ. “ಇಲ್ಲ ಸಾರ್, ಮಾವನ ಊರಿಗೆ ಹೋದಾಗ ಸ್ಟೇಷನ್ನಿನಲ್ಲಿ ನಿಂತು ಎಣಿಸಿದ್ದೀನಿ” ಎಂದ. ಎದುರು ಮಾತನಾಡಿದನೆಂದು ಗದರಿಸಿ, ಮಾದರಿಯನ್ನು ಪ್ರದರ್ಶನದಲ್ಲಿ ಇಡದೆ ಹಿಂದಕ್ಕೆ ಕಳುಹಿಸಿದೆ.

ನಿವೃತ್ತಿಯ ನಂತರ ಮೊಮ್ಮಗನೊಡನೆ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. 1979ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಮಹಾರಾಣಿಯವರ ಸಲೂನ್ ಬೋಗಿ, ಹಳಿಯ ಮೇಲೆ ಓಡುವ ಆಸ್ಟಿನ್ ಮೋಟಾರು ಕಾರು ಎಲ್ಲವನ್ನೂ ಕಂಡು ಹುಡುಗ ಕುಣಿದಾಡಿದ. ನಾನು ಮಾತ್ರ ವೈ.ಪಿ. ಎಂಜಿನ್ನಿನ ಎದುರು ನಿಂತುಬಿಟ್ಟೆ. ಎರಡು, ಮೂರು, ಒಂದು!

ಆಮೇಲೆ ಓದಿ ತಿಳಿದುಕೊಂಡೆ. ವೈ.ಪಿ. ಪ್ರಯಾಣಿಕರ ಗಾಡಿಯ ಎಂಜಿನ್; 1949ರಿಂದ 1970ರವರೆಗೆ 871 ತಯಾರಾದವು. ವೇಗ ಬೇಕಾದ್ದರಿಂದ ಅದಕ್ಕೆ ದೊಡ್ಡ ಚಾಲಕ ಗಾಲಿಗಳು, ಪಕ್ಕಕ್ಕೆ ಮೂರು. ವೈ.ಜಿ. ಸರಕಿನ ಎಂಜಿನ್; ಭಾರ ಎಳೆಯಲು ಹಳಿಯ ಮೇಲೆ ಹೆಚ್ಚು ಹಿಡಿತ ಬೇಕು, ಆದ್ದರಿಂದ ಸ್ವಲ್ಪ ಚಿಕ್ಕ ಗಾಲಿಗಳು, ಪಕ್ಕಕ್ಕೆ ನಾಲ್ಕು. ನಾನು ಕಂಡದ್ದೂ ಸುಳ್ಳಲ್ಲ. ಆದರೆ ಕಂಡ ಒಂದನ್ನೇ ಎಲ್ಲಕ್ಕೂ ನಿಯಮ ಮಾಡಿದ್ದೆ. ವಿಜ್ಞಾನ ಕಲಿಸುವವನು ಮಾಡಬಾರದ ತಪ್ಪು ಅದು.

ಮಾದರಿ ರೈಲು ಬರೀ ಆಟಿಕೆಯಲ್ಲ. 1891ರಲ್ಲಿ ಜರ್ಮನಿಯ ಮೆರ್ಕ್ಲಿನ್ ಕಂಪೆನಿ ಲೈಪ್‌ಜಿಗ್ ಜಾತ್ರೆಯಲ್ಲಿ ಗೊತ್ತಾದ ಅಳತೆಯ ಹಳಿಗಳ ಆಟದ ರೈಲನ್ನು ಪ್ರದರ್ಶಿಸಿತು. ಇಂದು ಹೆಚ್ಚು ಬಳಕೆಯಲ್ಲಿರುವ ‘ಎಚ್.ಓ.’ ಪ್ರಮಾಣವೆಂದರೆ ಒಂದಕ್ಕೆ 87. ಆ ಲೆಕ್ಕದಲ್ಲಿ ನಮ್ಮ ಮೀಟರ್‌ಗೇಜ್ ಸುಮಾರು ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅಳತೆ ಕಡಿಮೆಯಾಗಬಹುದು, ಗಾಲಿಗಳ ಎಣಿಕೆ ತಪ್ಪಬಾರದು ಎಂಬುದು ಆ ಕಲೆಯ ಮೊದಲ ಪಾಠ. ನಮ್ಮ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

1992ರಲ್ಲಿ ಏಕರೂಪ ಗೇಜ್ ಯೋಜನೆ ಆರಂಭವಾಗಿ, ಅದೇ ದಶಕದಲ್ಲಿ ನಮ್ಮ ಮಾರ್ಗವೂ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಆಯಿತು. ಆ ಹುಡುಗ ನಿಂತು ಎಣಿಸಿದ ಎಂಜಿನ್ ಇನ್ನು ಹೊಸದುರ್ಗ ರೋಡಿಗೆ ಬರುವುದಿಲ್ಲ. ಅವನ ಮಾದರಿಯನ್ನು ಉಳಿಸಿಕೊಂಡಿದ್ದರೆ ಶಾಲೆಯ ಬೀರುವಿನಲ್ಲಿ ಅದೊಂದು ದಾಖಲೆಯಾಗಿರುತ್ತಿತ್ತು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ. ಅಪ್ಪಾ, ನೀನು ಎಣಿಸಿದ್ದು ಸರಿಯಾಗಿತ್ತು. ಶ್ರೀರಾಂಪುರಕ್ಕೆ ಬಂದಾಗ ಮನೆಗೆ ಬಾ. ದಂಟು ನಾನು ತರಿಸಿಡುತ್ತೇನೆ. ಮಾಡುವ ಕ್ರಮವನ್ನು ನನ್ನ ಮೊಮ್ಮಗನಿಗೆ ನೀನೇ ತೋರಿಸಿಕೊಡು.