ಕಿರು ಉಪಗ್ರಹಗಳ ಕೊನೆಯ ಹರದಾರಿ



1961ರ ಡಿಸೆಂಬರ್ 12ರಂದು ಅಮೆರಿಕದ ಕ್ಯಾಲಿಫೋರ್ನಿಯಾ ತೀರದಿಂದ ಡಿಸ್ಕವರರ್-36 ಎಂಬ ಸೇನಾ ಉಪಗ್ರಹವನ್ನು ಹೊತ್ತ ರಾಕೆಟ್ಟೊಂದು ಮೇಲೇರಿತು. ತೂಕ ಸರಿದೂಗಿಸಲು ಇಡಬೇಕಾಗಿದ್ದ ಭಾರದ ತುಂಡಿನ ಸ್ಥಳದಲ್ಲಿ ಹವ್ಯಾಸಿ ರೇಡಿಯೋ ಮಿತ್ರರು ಕಟ್ಟಿದ, ನಾಲ್ಕೂವರೆ ಕಿಲೋಗ್ರಾಂ ತೂಕದ ಆಸ್ಕರ್-1 ಕುಳಿತಿತ್ತು. ಸುಮಾರು ಮೂರು ವಾರ ಮಾರ್ಸ್ ಸಂಕೇತದಲ್ಲಿ 'ಹಾಯ್' ಎನ್ನುತ್ತಿದ್ದ ಆ ಪುಟ್ಟ ಪೆಟ್ಟಿಗೆ ಯಾವ ಎತ್ತರದಲ್ಲಿ ಸುತ್ತಬೇಕೆಂಬುದನ್ನು ನಿರ್ಧರಿಸುವ ಹಕ್ಕು ಅದನ್ನು ಕಟ್ಟಿದವರಿಗೆ ಇರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ಅದು ವಾತಾವರಣಕ್ಕಿಳಿದು ಉರಿದುಹೋಯಿತು.

ಇಂದು ನಾವು ಹೇಳಹೊರಟಿರುವುದು ಈ ಪರಾಧೀನತೆಯ ಇತಿಹಾಸವನ್ನು. ಬಯಲುಸೀಮೆಯ ಹಳ್ಳಿಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಬಸ್ಸು ಹೆದ್ದಾರಿಯ ಕೈಮರದ ಬಳಿ ಇಳಿಸಿ ಹೊರಟುಹೋಗುತ್ತದೆ. ಅಲ್ಲಿಂದ ಊರಿಗೆ ಉಳಿದ ಹರದಾರಿ ದೂರಕ್ಕೆ ಗಾಡಿಯನ್ನೋ ಕಾಲನ್ನೋ ನಂಬಬೇಕು. ಬಾಹ್ಯಾಕಾಶದಲ್ಲಿ ಆ ಗಾಡಿಯ ಕೆಲಸ ಮಾಡುವ ಯಂತ್ರವನ್ನು ಕಕ್ಷಾಂತರ ವಾಹನ ಎಂದು ಕರೆಯಬಹುದು.

ಈ ಪ್ರಯಾಣದ ಗಣಿತ ಹಳೆಯದು. ಜರ್ಮನಿಯ ಎಸ್ಸೆನ್ ನಗರದ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಎರಡೇ ನೂಕುಗಳಲ್ಲಿ ಮಿತವ್ಯಯದಿಂದ ಹೋಗುವ ಮಾರ್ಗವನ್ನು ತೋರಿಸಿದ್ದ. ಎತ್ತರವೇ ದುಬಾರಿಯೆಂದು ನಮ್ಮಲ್ಲಿ ಅನೇಕರ ಎಣಿಕೆ. ಅದು ತಪ್ಪು. 500 ಕಿಲೋಮೀಟರು ಎತ್ತರದ ಉಪಗ್ರಹವನ್ನು 600 ಕಿಲೋಮೀಟರಿಗೆ ಏರಿಸಲು ಸೆಕೆಂಡಿಗೆ ಸುಮಾರು 55 ಮೀಟರುಗಳಷ್ಟು ವೇಗಬದಲಾವಣೆ ಸಾಕು. ಅದೇ ಉಪಗ್ರಹದ ಕಕ್ಷಾತಲವನ್ನು ಒಂದೇ ಒಂದು ಡಿಗ್ರಿ ಹೊರಳಿಸಲು 133 ಮೀಟರು ಬೇಕು! ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಗಿಲಾಗಿ ಓಡುವ ವಸ್ತುವಿನ ಮುಖ ತಿರುಗಿಸುವುದು ಅಷ್ಟು ಕಷ್ಟ.

ಭಾರತಕ್ಕೆ ಈ ಕೊನೆಯ ಹರದಾರಿಯ ಅನುಭವವಾದದ್ದು 'ಆಪಲ್' ಉಪಗ್ರಹದಿಂದ. ಕಿರಿದೇನಲ್ಲ, 670 ಕಿಲೋಗ್ರಾಂ ತೂಕದ್ದು. ಆದರೂ ಪರರ ಬಂಡಿಯ ಪ್ರಯಾಣಿಕನೇ. 1981ರ ಜೂನ್ 19ರಂದು ದಕ್ಷಿಣ ಅಮೆರಿಕದ ಕೌರುವಿನಿಂದ ಯೂರೋಪಿನ ಏರಿಯಾನ್ ರಾಕೆಟ್ಟು ತನ್ನ ಪರೀಕ್ಷಾ ಹಾರಾಟದಲ್ಲಿ ಅದನ್ನು ಒಯ್ದು, ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಅಲ್ಲಿಂದ ಭೂಸ್ಥಿರ ಕಕ್ಷೆಯವರೆಗಿನ ಹೊಣೆ ನಮ್ಮದು. ನಮ್ಮ ವಿಜ್ಞಾನಿಗಳು ಎಸ್‌ಎಲ್‌ವಿ-3 ರಾಕೆಟ್ಟಿನ ನಾಲ್ಕನೆಯ ಹಂತವನ್ನೇ ಮಾರ್ಪಡಿಸಿ ಉಪಗ್ರಹದೊಳಗೆ ಕೂರಿಸಿದ್ದರು. ಅದು ಸಕಾಲದಲ್ಲಿ ಹೊತ್ತಿಕೊಂಡಿತು. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳದಿದ್ದರೂ ಆಪಲ್ ಎರಡು ವರ್ಷಕ್ಕೂ ಮೀರಿ ದುಡಿಯಿತು. ಆಂಟೆನಾ ಪರೀಕ್ಷೆಗೆಂದು ಅದನ್ನು ಎತ್ತಿನ ಗಾಡಿಯ ಮೇಲೆ ನಿಲ್ಲಿಸಿದ ಚಿತ್ರವನ್ನು ನೀವು ನೋಡಿರಬಹುದು. ಅದನ್ನು ಬಡತನದ ಗುರುತೆಂದು ನಗುವವರಿದ್ದಾರೆ. ಲೋಹವಿಲ್ಲದ ಪೀಠ ಬೇಕಾಗಿತ್ತು, ಮರದ ಗಾಡಿ ಒದಗಿತು, ಅಷ್ಟೆ.

ಅಮೆರಿಕದವರು 1966ರಲ್ಲೇ ಟೈಟಾನ್ ರಾಕೆಟ್ಟಿನ ಮೇಲಿನ ಹಂತವೊಂದರಿಂದ ಎಂಟು ಉಪಗ್ರಹಗಳನ್ನು ಒಂದೇ ಹಾರಾಟದಲ್ಲಿ ಬಿತ್ತಿದ್ದರು. ಆದರೆ ಅವೆಲ್ಲ ಸರ್ಕಾರದ ಸ್ವತ್ತು. ನಾಸಾ ಯೋಜಿಸಿದ್ದ ಕಕ್ಷಾ ಸಂಚಾರ ವಾಹನ 1990ರಲ್ಲಿ ರದ್ದಾಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಪ್ರಾಧ್ಯಾಪಕರು, ಬಾಬ್ ಟ್ವಿಗ್ಸ್ ಮತ್ತು ಜೋರ್ಡಿ ಪುಯಿಗ್-ಸುವಾರಿ, ಹತ್ತು ಸೆಂಟಿಮೀಟರಿನ ಘನಾಕೃತಿಯ 'ಕ್ಯೂಬ್‌ಸ್ಯಾಟ್' ಮಾದರಿಯನ್ನು ರೂಪಿಸಿದ ಮೇಲೆ ವಿದ್ಯಾರ್ಥಿಗಳಿಗೂ ಉಪಗ್ರಹ ಕಟ್ಟುವುದು ಸಾಧ್ಯವಾಯಿತು. ಕಟ್ಟಿದ್ದನ್ನು ತಮಗೆ ಬೇಕಾದೆಡೆ ಒಯ್ಯುವುದು ಮಾತ್ರ ಸಾಧ್ಯವಾಗಲಿಲ್ಲ.

ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 'ಪೈಸ್ಯಾಟ್' ಇಂಥದೇ ಒಂದು ಪ್ರಯಾಣಿಕ. ತೂಕ ಐದು ಕಿಲೋಗ್ರಾಮಿಗಿಂತ ತುಸು ಹೆಚ್ಚು. 2016ರ ಸೆಪ್ಟೆಂಬರ್ 26ರಂದು ಶ್ರೀಹರಿಕೋಟೆಯಿಂದ ಹೊರಟ ಪಿಎಸ್‌ಎಲ್‌ವಿ-ಸಿ35, ಮುಖ್ಯ ಉಪಗ್ರಹವಾದ ಸ್ಕ್ಯಾಟ್‌ಸ್ಯಾಟ್-1ನ್ನು ಹದಿನೇಳು ನಿಮಿಷಗಳಲ್ಲಿ ಇಳಿಸಿತು. ಅನಂತರ ನಾಲ್ಕನೆಯ ಹಂತದ ಎಂಜಿನ್ನು ಎರಡು ಬಾರಿ ಪುನಃ ಹೊತ್ತಿ, ಎರಡು ಗಂಟೆಗೂ ಮೀರಿ ಸಾಗಿ, ಪೈಸ್ಯಾಟ್ ಸೇರಿದಂತೆ ಉಳಿದ ಏಳನ್ನು 689 ಕಿಲೋಮೀಟರು ಎತ್ತರದಲ್ಲಿ ಬಿಟ್ಟಿತು. ಒಂದೇ ಪಿಎಸ್‌ಎಲ್‌ವಿ ಎರಡು ಕಕ್ಷೆಗಳನ್ನು ಮುಟ್ಟಿದ್ದು ಅದೇ ಮೊದಲು. ಮಹತ್ವದ ಸಾಧನೆ, ನಿಜ. ಆದರೂ ಬಸ್ಸಿಗೆ ಎರಡು ನಿಲ್ದಾಣಗಳಾದವೇ ಹೊರತು ಅದು ಮನೆಬಾಗಿಲಿಗೆ ಬರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಮನೆಬಾಗಿಲಿನ ಸೇವೆಗೆ ಮುಂದಾದವರು ಖಾಸಗಿ ಸಂಸ್ಥೆಗಳು. 2020ರ ಸೆಪ್ಟೆಂಬರಿನಲ್ಲಿ ಇಟಲಿಯ ಡಿ-ಆರ್ಬಿಟ್ ಸಂಸ್ಥೆಯ 'ಅಯಾನ್' ವಾಹನ ವೇಗಾ ರಾಕೆಟ್ಟಿನಲ್ಲಿ ಹೋಗಿ, ಹನ್ನೆರಡು ಕಿರು ಉಪಗ್ರಹಗಳನ್ನು ಒಮ್ಮೆಲೇ ಸುರಿಯದೆ ಹಲವು ವಾರಗಳಲ್ಲಿ ಬಿಡುಗಡೆ ಮಾಡಿತು. 2021ರ ಜನವರಿ 24ರಂದು ಸ್ಪೇಸ್‌ಎಕ್ಸ್ ಒಂದೇ ರಾಕೆಟ್ಟಿನಲ್ಲಿ 143 ಉಪಗ್ರಹಗಳನ್ನು ಒಯ್ದ ಮೇಲೆ ಇಂಥ ಗಾಡಿಗಳ ಅಗತ್ಯ ಇನ್ನಷ್ಟು ಹೆಚ್ಚಿತು. ಗಾಡಿ ಮುರಿದರೆ ಪ್ರಯಾಣಿಕರ ಗತಿಯೇನು? 2023ರ ಜನವರಿಯಲ್ಲಿ ಲಾಂಚರ್ ಎಂಬ ಅಮೆರಿಕನ್ ಸಂಸ್ಥೆಯ 'ಆರ್ಬಿಟರ್' ಕಕ್ಷೆ ಸೇರಿದರೂ ವಿದ್ಯುತ್ತಿಲ್ಲದೆ ನಿಷ್ಕ್ರಿಯವಾಯಿತು. ಅದರೊಳಗಿದ್ದ ಗಿರಾಕಿಗಳ ಉಪಗ್ರಹಗಳು ಹೊರಬರಲೇ ಇಲ್ಲ. ವರ್ಷಗಟ್ಟಲೆ ದುಡಿದು ಕಟ್ಟಿದವರ ಸಂಕಟವನ್ನು ನಾವು ಊಹಿಸಬಹುದು.

ಹೆಚ್ಚು ಇಂಧನವಿಲ್ಲದವರಿಗೆ ಇನ್ನೊಂದು ಉಪಾಯವಿದೆ. ಭೂಮಿಯ ನಡು ಉಬ್ಬಿರುವುದರಿಂದ ಬಹುತೇಕ ಕಕ್ಷಾತಲಗಳು ತಾವಾಗಿ ಮೆಲ್ಲನೆ ತಿರುಗುತ್ತವೆ, ಮತ್ತು ಎತ್ತರ ಬದಲಾದರೆ ತಿರುಗುವ ವೇಗವೂ ಬದಲಾಗುತ್ತದೆ. ಸೂರ್ಯನೊಡನೆ ಹೆಜ್ಜೆ ಹಾಕುವ ಕಕ್ಷೆಗಳಲ್ಲಿ ನೂರು ಕಿಲೋಮೀಟರು ಮೇಲೋ ಕೆಳಗೋ ಸರಿದು ಕಾದರೆ, ಸುಮಾರು ಇನ್ನೂರು ದಿನಗಳಲ್ಲಿ ಹತ್ತು ಡಿಗ್ರಿಗಳ ಅಂತರ ಬಿಟ್ಟಿಯಾಗಿ ದೊರೆಯುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆ ಅಲ್ಲಿಯೂ ಸಲ್ಲುತ್ತದೆ.

ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಸಂಸ್ಥೆ ತಾನು ಯೋಜಿಸಿದ ಕಕ್ಷಾಂತರ ವಾಹನಕ್ಕೆ 'ಪುಷ್ಪಕ' ಎಂದು ಹೆಸರಿಟ್ಟಿದೆ. ಅದೇ ಸಂಸ್ಥೆಯ 'ರುದ್ರ' ಎಂಬ ಪುಟ್ಟ ಎಂಜಿನ್ನು 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58ರ ನಾಲ್ಕನೆಯ ಹಂತದ ಮೇಲೆ ಪರೀಕ್ಷೆಗೆ ಹೊರಟಿತು. ಮುಖ್ಯ ಉಪಗ್ರಹವನ್ನು 650 ಕಿಲೋಮೀಟರು ಎತ್ತರದಲ್ಲಿ ಬಿಟ್ಟ ಆ ಹಂತ 350 ಕಿಲೋಮೀಟರಿಗೆ ಇಳಿಯಿತು. ಪ್ರಯೋಗಗಳು ಮುಗಿದ ಮೇಲೆ, ಮಾರ್ಚ್ 21ರಂದು, ಪೆಸಿಫಿಕ್ ಸಾಗರದ ಮೇಲೆ ವಾತಾವರಣವನ್ನು ಹೊಕ್ಕಿತು.